ಆಕಾಶವಾಣಿಯೂ ಊರುಗಳ ವಾಣಿಯೂ

ಕಾವ್ಯವು ದೃಶ್ಯವೆಂದೂ ಶ್ರವ್ಯವೆಂದೂ ಎರಡು ತೆರನೆಂಬುದು ಲಾಕ್ಷಣಿಕರ ಮತ. ಬರಿಯ ಕಿವಿಯನ್ನೇ ನೆಚ್ಚಿದ ರೇಡಿಯೋ ಶ್ರವ್ಯದ ಸಾಲಿಗೆ ಸೇರತಕ್ಕುದಾದುದರಿಂದ, ಅದರ ಗುಣದೋಷವಿಚಾರವು ಸಾಹಿತ್ಯವಿಮರ್ಶೆಗೆ ಹೊರತಾದುದಲ್ಲ.

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಪ್ರಸಾರಯಂತ್ರವೊಂದನ್ನು ಸ್ಥಾಪಿಸಿದರು. ಆ ಪುಟ್ಟ ಕೇಂದ್ರಕ್ಕೆ ದೊರೆತ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಭಾರತದ ಪ್ರಸಾರಸಂಸ್ಥೆಗೇ ಸಂದಿತು. ಹೆಸರು ಪುರಾಣದ್ದು, ಆದಕಾರಣ ಅದರ ಅರ್ಥವನ್ನು ಪುರಾಣದಲ್ಲಿಯೇ ಅರಸತಕ್ಕುದು. ವ್ಯಾಸಭಾರತದಲ್ಲಿ ಅಶರೀರವಾಣಿಯು ದುಷ್ಯಂತನ ಸಭೆಯಲ್ಲಿ ಶಕುಂತಲೆಯ ಪರವಾಗಿ ಸಾಕ್ಷಿ ನುಡಿಯುತ್ತದೆ. ಕಾಳಿದಾಸನಲ್ಲಿ ಅಗ್ನಿಶಾಲೆಯನ್ನು ಹೊಕ್ಕ ಕಣ್ವನಿಗೆ ಮಗಳ ವೃತ್ತಾಂತವನ್ನು ತಿಳಿಸುತ್ತದೆ. ಭಾಗವತದಲ್ಲಿ ತಂಗಿಯ ರಥವನ್ನು ನಡೆಸುತ್ತಿದ್ದ ಕಂಸನನ್ನೇ ಸಂಬೋಧಿಸುತ್ತದೆ. ಎಲ್ಲೆಡೆಯೂ ಆ ವಾಣಿ ಕೇಳಬೇಕಾದವನಿಗೆ, ಕೇಳಬೇಕಾದ ಹೊತ್ತಿನಲ್ಲಿ, ತಿಳಿಯುವ ಮಾತಿನಲ್ಲಿ ನುಡಿಯಿತು. ಎಲ್ಲರನ್ನೂ ಉದ್ದೇಶಿಸಿ ಯಾರಿಗೂ ತಾಗದ ಮಾತು ಆ ಹೆಸರಿಗೆ ತಕ್ಕುದಲ್ಲ.

ಈ ಒರೆಗಲ್ಲಿಗೆ ಕೊಡಗಿನ ಮಡಿಕೇರಿಯ ಕೇಂದ್ರವನ್ನು ತಿಕ್ಕಿ ನೋಡಬಹುದು. 1984ರಲ್ಲಿ ತಮಿಳುನಾಡಿನ ನಾಗರಕೋಯಿಲಿನಿಂದ ಮೊದಲಾದ ಸ್ಥಳೀಯ ಕೇಂದ್ರಗಳ ಯೋಜನೆಯು 1993ರಲ್ಲಿ ಆ ಬೆಟ್ಟದೂರನ್ನು ಮುಟ್ಟಿತು. ಎಫ್.ಎಂ. ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುವುವು. ನಡುವೆ ಗುಡ್ಡ ಬಂದರೆ ಅದರ ಮರೆಯ ಊರನ್ನು ಮುಟ್ಟವು. ಇಂತಿರಲು ಮಲೆನಾಡಿಗೆ ಮಲೆಯ ಮೇಲಣ ದನಿಯೇ ಬೇಕು. ಇದಕ್ಕಿಂತಲೂ ಮಿಗಿಲಾದುದು ನುಡಿಯ ಮಾತು. ಕನ್ನಡದೊಡನೆ ಕೊಡವ ಭಾಷೆಗೂ ಅರೆಭಾಷೆಗೂ ಅಲ್ಲಿ ಸ್ಥಳವುಂಟು. ಅಚ್ಚಿಗಿಂತ ಬಾಯಲ್ಲಿಯೇ ಹೆಚ್ಚಾಗಿ ಬಾಳಿದ ನುಡಿಗಳಿಗೆ ಇದು ಸಣ್ಣ ಆಶ್ರಯವಲ್ಲ.

ಇಷ್ಟು ನುಡಿಗಳಿಗೆ ಎಡೆಗೊಟ್ಟರೆ ಕನ್ನಡ ಬಡವಾಗದೆ? ರಾಜಧಾನಿಯ ಒಂದು ಕಾರ್ಯಕ್ರಮವನ್ನೇ ಎಲ್ಲರಿಗೂ ಕೇಳಿಸಿದರೆ ವೆಚ್ಚ ಉಳಿಯದೆ? ಈ ಪ್ರಶ್ನೆಗಳಿಗೆ ಬಳ್ಳಾರಿಯ ಚರಿತ್ರೆಯೇ ಉತ್ತರ ಹೇಳುತ್ತದೆ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದರಾಸಿಗೆ ಸೇರಿತ್ತು. 1938ರಲ್ಲಿ ಮದರಾಸಿನಲ್ಲಿ ತೆರೆದ ಕೇಂದ್ರದ ನುಡಿ ಪ್ರಧಾನವಾಗಿ ತಮಿಳು ತೆಲುಗುಗಳದು. ಆಳುವ ಪಟ್ಟಣದ ದನಿಯಲ್ಲಿ ತನ್ನ ನುಡಿ ವಿರಳವಾದರೆ ಆಗುವ ಕೊರತೆಯನ್ನು ಬಲ್ಲ ನಾಡು, ಮತ್ತೊಬ್ಬರ ನುಡಿಗೆ ದೊರೆತ ಎಡೆಯನ್ನು ದುಂದೆನ್ನಲಾಗದು.

ಆದರೆ ಕೇಂದ್ರವು ಹತ್ತಿರವಿದ್ದ ಮಾತ್ರಕ್ಕೆ ಮಾತು ಹತ್ತಿರವಾಗದು. ‘ಬಿತ್ತಿರಿ’ ಎಂದರೆ ಸಾಲುವಲ್ಲಿ ‘ಬಿತ್ತನೆ ಕಾರ್ಯವನ್ನು ಕೈಗೊಳ್ಳತಕ್ಕದ್ದು’ ಎನ್ನುವ ಗದ್ಯವು ಪ್ರಸಾರಕ್ಕೆ ಅಂಟಿದ ದೋಷ. ಬರೆದುದನ್ನು ಓದುವುದು ಬೇರೆ, ಆಡುವುದು ಬೇರೆ. ಬಳ್ಳಾರಿಯ ಸೀಮೆಗೆ ನೆರೆಯಲ್ಲಿರುವುದು ಹೊಸಪೇಟೆಯ ಕೇಂದ್ರ. ಸಿರುಗುಪ್ಪದ ಭತ್ತದ ರೈತನಿಗೆ ಕಾಲುವೆಯ ನೀರಿನ ಸುದ್ದಿ ಅವನ ಮಾತಿನಲ್ಲಿಯೇ ಮುಟ್ಟಬೇಕು; ಕುರುಗೋಡಿನ ಕೇಳುಗನಿಗೆ ಬಯಲಾಟದ ಪದ ತನ್ನ ಸೀಮೆಯ ಧಾಟಿಯಲ್ಲಿಯೇ ಕೇಳಬೇಕು. ಶ್ರವ್ಯದ ಸಾರ್ಥಕ್ಯವು ಪ್ರಸಾರಯಂತ್ರದ ಬಲದಲ್ಲಿಲ್ಲ, ಕೇಳಿದವನು ‘ಇದು ನನಗೆ ಹೇಳಿದ್ದು’ ಎಂದುಕೊಳ್ಳುವುದರಲ್ಲಿದೆ. 30 ವ್ಯಾಟಿನ ಆ ಮನೆಯ ಕೇಂದ್ರಕ್ಕೆ ಅಷ್ಟು ದೊಡ್ಡ ಹೆಸರು ಒಪ್ಪಿದ್ದೂ ಇದರಿಂದಲೇ.