‘ಇಂದ’ ಗೊತ್ತಿಲ್ಲದ ಗ್ರಾಮರ್ ಪುಸ್ತಕಗಳು

ಬೆಂಗಳೂರಿನ ಯಾವ ಪಿಜಿಗೆ ಬೇಕಾದರೂ ಹೋಗಿ ನೋಡಿ. ಬ್ಯಾಂಕ್ ಪರೀಕ್ಷೆಗೋ, ಕ್ಯಾಂಪಸ್ ಸೆಲೆಕ್ಷನ್ನಿಗೋ ಓದ್ತಿರೋರ ತಲೆದಿಂಬಿನ ಪಕ್ಕ ಸಾಮಾನ್ಯವಾಗಿ ಎರಡು ಪುಸ್ತಕ ಇರುತ್ತವೆ. ಒಂದು ರೆನ್ ಅಂಡ್ ಮಾರ್ಟಿನ್ ಗ್ರಾಮರ್, ಇನ್ನೊಂದು ನಾರ್ಮನ್ ಲೂಯಿಸ್‌ನ ‘ವರ್ಡ್ ಪವರ್ ಮೇಡ್ ಈಸಿ’. ಮೊಬೈಲಿನಲ್ಲಿ ಒಂದು ಪ್ರಾಕ್ಟೀಸ್ ಆ್ಯಪ್. ಶುಕ್ರವಾರ ಬಿಡುಗಡೆಯಾದ ಸಿನಿಮಾಗೆ ಶನಿವಾರದೊಳಗೆ ವಿಮರ್ಶೆ ಬರೆಯೋ ನಾವು, ನಮ್ಮಲ್ಲಿ ಎಷ್ಟೋ ಜನರ ಅನ್ನ ನಿರ್ಧರಿಸಿದ ಈ ಪುಸ್ತಕಗಳಿಗೆ ಯಾಕೆ ವಿಮರ್ಶೆ ಬರೆಯಲ್ಲ?

ಮೊದಲು ರೆನ್ ಅಂಡ್ ಮಾರ್ಟಿನ್. ಪಿ.ಸಿ. ರೆನ್ ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ. ಅವನಿಗೆ ಹೆಸರು ತಂದದ್ದು 1924ರ ‘ಬೋ ಜೆಸ್ಟ್’ ಅನ್ನೋ ಸಾಹಸ ಕಾದಂಬರಿ. ನಮ್ಮ ದೇಶದಲ್ಲಿ ಮಾತ್ರ ಅವನು ಬದುಕಿರೋದು 1930ರ ದಶಕದ ಈ ಗ್ರಾಮರ್ ಪುಸ್ತಕದಿಂದ. ಪುಸ್ತಕದ ಶಿಸ್ತನ್ನು ಮೆಚ್ಚಲೇಬೇಕು. ನಿಯಮ, ಉದಾಹರಣೆ, ಅಭ್ಯಾಸ. ಎಲ್ಲೂ ಹಾರಾಟವಿಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಒಳ್ಳೇ ಡಾಕ್ಯುಮೆಂಟೇಶನ್. ಆದರೆ ಡಾಕ್ಯುಮೆಂಟೇಶನ್ ಓದಿ ಯಾರೂ ಕೋಡ್ ಬರೆಯೋದು ಕಲಿತಿಲ್ಲ.

ಅದರಲ್ಲಿರೋ ವಾಕ್ಯ ಬದಲಾಯಿಸುವ ಅಭ್ಯಾಸಗಳನ್ನೇ ತಗೊಳ್ಳಿ. ಆ್ಯಕ್ಟಿವ್ ಅನ್ನು ಪ್ಯಾಸಿವ್ ಮಾಡು, ‘ಟೂ’ ತೆಗೆದು ಬರಿ, ಹೌದನ್ನೋ ವಾಕ್ಯವನ್ನ ಇಲ್ಲ ಅನ್ನೋ ಹಾಗೆ ತಿರುಗಿಸು. ತಿರುಗಿಸೋದೇನೋ ಬಂತು. ಯಾವಾಗ ಯಾವುದನ್ನು ಬಳಸಬೇಕು? ಅಭ್ಯಾಸ ಅದನ್ನು ಕೇಳೋದೇ ಇಲ್ಲ. ಆಫೀಸಿನಲ್ಲಿ ಸರ್ವರ್ ಕೆಟ್ಟಾಗ ಹೋಗೋ ಮೇಲ್ ನೋಡಿ. ಯಾರು ಕೆಡಿಸಿದರು ಅಂತ ಬರೆಯೋ ಬದಲು ‘ತಪ್ಪೊಂದು ನಡೆದಿದೆ’ ಅನ್ನೋ ಅರ್ಥದ ಇಂಗ್ಲಿಷ್ ಪ್ಯಾಸಿವ್ ಇರುತ್ತೆ. ಪ್ಯಾಸಿವ್ ಇರೋದರ ಒಂದು ಕಾರಣವೇ ಮಾಡಿದವನನ್ನು ಮರೆಮಾಡೋದು. ಈ ವಿದ್ಯೆ ಕನ್ನಡದ ಮಗುವಿಗೂ ಗೊತ್ತು. ‘ಲೋಟ ಒಡೆದೆ’ ಅನ್ನಲ್ಲ, ‘ಲೋಟ ಒಡೆದುಹೋಯ್ತು’ ಅನ್ನುತ್ತೆ. ಇದೊಂದು ಮಾತು ಹೇಳಿದ್ದರೆ ಇಡೀ ಪಾಠ ತಲೆಗೆ ಇಳಿಯುತ್ತಿತ್ತು.

ಲೂಯಿಸ್‌ನದು ಬೇರೆ ಜಾತಿಯ ಪುಸ್ತಕ. 1949ರದ್ದು. ಇವತ್ತಿಗೂ ಓದಿಸಿಕೊಂಡು ಹೋಗುತ್ತೆ. ಅವನು ಪದಗಳನ್ನ ಪಟ್ಟಿಯಾಗಿ ಕೊಡಲ್ಲ, ಕುಟುಂಬವಾಗಿ ಪರಿಚಯಿಸ್ತಾನೆ. ದ್ವೇಷ ಅನ್ನೋ ಒಂದು ಗ್ರೀಕ್ ಬೇರು ಹಿಡಿದರೆ ಮಿಸಾಂತ್ರೋಪ್, ಮಿಸೊಜಿನಿಸ್ಟ್, ಮಿಸೊಗಮಿಸ್ಟ್ ಮೂವರೂ ಒಟ್ಟಿಗೆ ಬರ್ತಾರೆ. ಮಾನವದ್ವೇಷಿ, ಸ್ತ್ರೀದ್ವೇಷಿ, ವಿವಾಹದ್ವೇಷಿ ಅಂತ ಸಂಸ್ಕೃತದ ಸಮಾಸ ಕಟ್ಟಿ ಅಭ್ಯಾಸವಿರೋ ನಮಗೆ ಇದು ನೀರು ಕುಡಿದಷ್ಟು ಸಲೀಸು. ತೊಂದರೆ ಏನಂದ್ರೆ, ಲೂಯಿಸ್ ಬರೆದಿದ್ದು ಇಂಗ್ಲಿಷನ್ನು ಮನೆಯಲ್ಲೇ ಮಾತಾಡೋ ಅಮೆರಿಕನ್ನರನ್ನು ಮನಸ್ಸಿನಲ್ಲಿಟ್ಟುಕೊಂಡು. ಅವರಿಗೆ ಗೆಟ್, ಪುಟ್, ಟೇಕ್, ರನ್ ಹೇಳಿಕೊಡಬೇಕಿಲ್ಲ. ನಮಗೆ ಬೇಕು. ಕ್ಲೈಂಟ್ ಕಾಲಿನಲ್ಲಿ ವಿವಾಹದ್ವೇಷಿಯ ಮಾತು ಬರಲ್ಲ. ‘ಪುಟ್ ಆಫ್’, ‘ಪುಟ್ ಅಪ್ ವಿತ್’ ದಿನಾ ಬರುತ್ತವೆ.

ಪದಪಟ್ಟಿ ಬಾಯಿಪಾಠ ಮಾಡಿಸೋ ಆ್ಯಪ್‌ಗಳಿಗೆ ಹೆಚ್ಚು ಜಾಗ ಕೊಡಲ್ಲ. ಜಿಆರ್‌ಇ ನಡೆಸೋ ಇಟಿಎಸ್ 2011ರ ಆಗಸ್ಟ್‌ನಲ್ಲೇ ವಿರುದ್ಧಪದ ಮತ್ತು ಸಾದೃಶ್ಯದ ಪ್ರಶ್ನೆಗಳನ್ನು ಕೈಬಿಟ್ಟು, ಪದವನ್ನು ವಾಕ್ಯದೊಳಗಿಟ್ಟೇ ಕೇಳೋಕೆ ಶುರು ಮಾಡಿತು. ನಮ್ಮಲ್ಲಿ ಇನ್ನೂ ಒಂದು ಪದ, ಒಂದು ಅರ್ಥ, ಮುಂದಿನ ಕಾರ್ಡ್ ಅಂತ ಬೆರಳು ಜಾರಿಸೋದು ನಡೆದಿದೆ.

ಇವೆಲ್ಲ ಸಣ್ಣ ದೂರುಗಳು. ನನ್ನ ದೊಡ್ಡ ದೂರು ಬೇರೆ ಇದೆ.

ನನ್ನ ಚಿಕ್ಕಪ್ಪನ ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಊರಿನ ಸರ್ಕಾರಿ ಶಾಲೆ. ಬ್ಯಾಂಕ್ ಪಿಓ ಪರೀಕ್ಷೆಗೆ ಓದ್ತಿದ್ದಾಳೆ. ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ. ಅಂದ್ರೆ ಒಂದಕ್ಕೆ 40 ಸೆಕೆಂಡು. ಒಂದಿನ ಫೋನ್ ಮಾಡಿ, “ಅಣ್ಣಾ, ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಯಾಕೆ ತಪ್ಪು? ನಂಗೆ ಸರಿಯಾಗೇ ಕೇಳ್ಸುತ್ತೆ” ಅಂದಳು.

ಸರಿಯಾಗಿ ಕೇಳಿಸುತ್ತೆ, ಯಾಕಂದ್ರೆ ಅದು ಶುದ್ಧ ಕನ್ನಡ! ‘ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ.’ ನಮಗೆ ಸೋಮವಾರದಿಂದಲೂ ‘ಇಂದ’, ಎರಡು ವರ್ಷದಿಂದಲೂ ‘ಇಂದ’. ಇಂಗ್ಲಿಷ್ ಮೊದಲನೆಯದಕ್ಕೆ ‘ಸಿನ್ಸ್’, ಎರಡನೆಯದಕ್ಕೆ ‘ಫಾರ್’ ಅಂತ ಪಾಲು ಮಾಡಿದೆ. ಮೇಲೆ, ನಮಗೆ ‘ಮಾಡ್ತಿದ್ದೀನಿ’ ಸಾಕಾಗೋ ಕಡೆ ಅದಕ್ಕೆ ‘ಹ್ಯಾವ್ ಬೀನ್’ ಬೇಕು. ಎರಡು ನಿಮಿಷದ ವಿವರಣೆ ಇದು. ಆ್ಯಪ್ ಏನು ಮಾಡಿತ್ತು? ಕೆಂಪು ಗುರುತು ಹಾಕಿ, ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್‌ನ ನಿಯಮ ಒಪ್ಪಿಸಿ ಕೈತೊಳೆದುಕೊಂಡಿತ್ತು.

ಇನ್ನೂ ಬೇಸರದ ವಿಷಯ ಅಂದ್ರೆ, ಕನ್ನಡ ಸಹಾಯಕ್ಕೆ ಬರೋ ಕಡೆಯೂ ಈ ಪುಸ್ತಕಗಳಿಗೆ ಅದು ಬೇಡ. ಬಂದೆ, ಬಂದಿದ್ದೇನೆ, ಬಂದಿದ್ದೆ. ಸಿಂಪಲ್ ಪಾಸ್ಟ್, ಪ್ರೆಸೆಂಟ್ ಪರ್ಫೆಕ್ಟ್, ಪಾಸ್ಟ್ ಪರ್ಫೆಕ್ಟ್ ಮೂರೂ ನಮ್ಮ ಬಾಯಲ್ಲೇ ಇವೆ. ಕನ್ನಡದಲ್ಲಿ ‘ದಿ’ ಇಲ್ಲ ಅಂತಾರೆ. ಆದರೆ ‘ಪುಸ್ತಕ ತಂದೆ’ ಅನ್ನೋದಕ್ಕೂ ‘ಪುಸ್ತಕಾನ ತಂದೆ’ ಅನ್ನೋದಕ್ಕೂ ಇರೋ ವ್ಯತ್ಯಾಸ ಹಳ್ಳಿಯ ಅಜ್ಜಿಗೂ ಗೊತ್ತು. ಎರಡನೆಯದು ನಮ್ಮಿಬ್ಬರಿಗೂ ಗೊತ್ತಿರೋ ಆ ಪುಸ್ತಕ. ಪೂರ್ತಿ ತಾಳೆಯಾಗಲ್ಲ, ಒಪ್ಪುತ್ತೇನೆ. ಆದರೆ ಹೊಳೆ ದಾಟೋಕೆ ಹೆಜ್ಜೆಗೊಂದು ಕಲ್ಲಿದ್ದರೆ ಸಾಕಲ್ವಾ?

“ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಇದರಲ್ಲಿ ಅನ್ಯಾಯ ಎಲ್ಲಿ ಬಂತು?” ಅಂತ ನೀವು ಕೇಳಬಹುದು. ಕಾನ್ವೆಂಟಿನಲ್ಲಿ ಓದಿದ ಹುಡುಗ ತಪ್ಪನ್ನು ಕಿವಿಯಿಂದ ಹಿಡೀತಾನೆ. ಅವನಿಗೆ ನಿಯಮದ ಹೆಸರೂ ಗೊತ್ತಿರಲ್ಲ, ಐದು ಸೆಕೆಂಡಿನಲ್ಲಿ ಟಿಕ್ ಹಾಕಿ ಮುಂದೆ ಹೋಗ್ತಾನೆ. ನನ್ನ ತಂಗಿ ನಿಯಮ ನೆನಪು ಮಾಡಿಕೊಂಡು, ವಾಕ್ಯಕ್ಕೆ ಹೊಂದಿಸಿ, ಉತ್ತರಕ್ಕೆ ಬರೋ ಹೊತ್ತಿಗೆ 40 ಸೆಕೆಂಡ್ ಮುಗಿದಿರುತ್ತೆ. ಗ್ರಾಮರ್ ಅವನಿಗಿಂತ ಇವಳಿಗೇ ಜಾಸ್ತಿ ಗೊತ್ತು. ಅಂಕ ಅವನಿಗೆ ಬರುತ್ತೆ. ಕಿವಿ ಇಲ್ಲದವರಿಗೆ ಕಿವಿ ಕೊಡಬೇಕಾದ ಪುಸ್ತಕಗಳು ಇನ್ನೊಂದಿಷ್ಟು ನಿಯಮ ಕೊಟ್ಟು ಕೂರಿಸಿವೆ.

ಹಾಗಂತ ಇವನ್ನ ರದ್ದಿಗೆ ಹಾಕಿ ಅನ್ನಲ್ಲ. ರೆನ್ ಅಂಡ್ ಮಾರ್ಟಿನ್ ನಿಘಂಟಿನ ಥರ ಪಕ್ಕದಲ್ಲಿರಲಿ, ಅನುಮಾನ ಬಂದಾಗ ತೆಗೆಯಿರಿ. ಲೂಯಿಸನ್ನು ಖುಷಿಗೆ ಓದಿ. ದಿನಕ್ಕೊಂದು ಪುಟ ಇಂಗ್ಲಿಷ್ ಪೇಪರನ್ನು ಜೋರಾಗಿ ಓದಿ, ಕಿವಿ ತಯಾರಾಗೋದು ಹಾಗೆ. ತಪ್ಪಾದ ಪ್ರತಿ ವಾಕ್ಯದ ಪಕ್ಕ ಅದರ ಕನ್ನಡ ಬರೆದಿಡಿ. ಎಷ್ಟೋ ತಪ್ಪುಗಳ ಕಾರಣ ಆ ಕನ್ನಡದಲ್ಲೇ ಸಿಗುತ್ತೆ.

ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ಡಿ.ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದರು. ಕನ್ನಡಿಗರಿಗೆ ಅವರದ್ದೇ ಆದ ಇಂಗ್ಲಿಷ್ ಗ್ರಾಮರ್ರೂ ಬೇಕು. ಮೊದಲ ಪಾಠ ‘ಇಂದ’ದಿಂದಲೇ ಶುರುವಾಗಲಿ. ಅಂಥದ್ದೊಂದು ಬಂದ ದಿನ ಮೊದಲ ಪ್ರತಿ ನಮ್ಮ ಚಿಕ್ಕಪ್ಪನ ಮನೆಗೆ.