ವಯಸ್ಸಿನ ಚರ್ಚೆಯ ಮರೆಯಲ್ಲಿ

ಕ್ರೀಡಾಲೋಕದ ಕೆಲವು ಚರ್ಚೆಗಳಿಗೆ ಮುಪ್ಪಿಲ್ಲ. ಗೌರವದಿಂದ ಕಣ ಬಿಟ್ಟುಹೋದ ಹಳೆಯ ವೀರನೊಬ್ಬ ಮತ್ತೆ ಬರುತ್ತೇನೆ ಎಂದಾಗ ಅಭಿಮಾನಿಗಳ ನಡುವೆ ಹುಟ್ಟುವ ಚರ್ಚೆ ಅಂಥದ್ದು. ಸಂಪಾದಿಸಿದ ಹೆಸರನ್ನು ಈತ ಕೈಯಾರೆ ಕೆಡಿಸಿಕೊಳ್ಳುತ್ತಾನೆ ಎಂದು ಒಂದು ಗುಂಪು ಮರುಗುತ್ತದೆ. ವಯಸ್ಸು ಎಂಬುದು ಬರೀ ಲೆಕ್ಕ, ಮನಸ್ಸಿದ್ದರೆ ಮಾರ್ಗ ಎಂದು ಇನ್ನೊಂದು ಗುಂಪು ವಾದಿಸುತ್ತದೆ. ಎರಡೂ ಗುಂಪುಗಳು ಆತನನ್ನು ಪ್ರೀತಿಸುತ್ತವೆ. ಜಗಳವೇನಿದ್ದರೂ ಪ್ರೀತಿಸುವ ಬಗೆಯ ಕುರಿತಾದದ್ದು.

2008ರ ಸೆಪ್ಟೆಂಬರ್ 9ರಂದು ಅಮೆರಿಕದ ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ತಾನು ಮರಳಿ ಬರುವುದಾಗಿ ಘೋಷಿಸಿದಾಗಲೂ ಆದದ್ದು ಇದೇ. 1996ರಲ್ಲಿ ವೃಷಣದ ಕ್ಯಾನ್ಸರ್‌ಗೆ ತುತ್ತಾಗಿ, ರೋಗ ಶ್ವಾಸಕೋಶ ಮತ್ತು ಮೆದುಳಿಗೂ ಹಬ್ಬಿ, ಬದುಕಿ ಉಳಿದವನು ಆತ. 1999ರಿಂದ 2005ರವರೆಗೆ ಸತತ ಏಳು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದು ನಿವೃತ್ತನಾಗಿದ್ದ. ಮೂರು ವಾರ, ಇಪ್ಪತ್ತೊಂದು ಹಂತ, ಸುಮಾರು ಮೂರೂವರೆ ಸಾವಿರ ಕಿಲೋಮೀಟರ್, ನಡುವೆ ಆಲ್ಪ್ಸ್ ಮತ್ತು ಪಿರನೀಸ್ ಪರ್ವತಗಳು. ಇದು ಆ ಸ್ಪರ್ಧೆಯ ಸ್ವರೂಪ. 2009ರ ಜುಲೈನಲ್ಲಿ ಆತನಿಗೆ ಮೂವತ್ತೇಳು ತುಂಬಿರುತ್ತದೆ. ಅಭಿಮಾನಿಗಳು ಹಳೆಯ ದಾಖಲೆಗಳನ್ನು ಕೆದಕಿದರು. ಟೂರ್ ಗೆದ್ದ ಅತ್ಯಂತ ಹಿರಿಯ ಸವಾರ ಬೆಲ್ಜಿಯಂನ ಫಿರ್ಮಾಂ ಲಾಂಬೊ, 1922ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ. ಫ್ರಾನ್ಸಿನ ರೇಮೊಂ ಪುಲಿಡೋರ್ 1976ರಲ್ಲಿ ನಲವತ್ತರ ಹರೆಯದಲ್ಲೂ ಮೂರನೆಯವರಾಗಿ ಬಂದಿದ್ದರು. ಐದು ಬಾರಿ ಗೆದ್ದ ಬರ್ನಾರ್ ಇನೊ ಮೂವತ್ತೆರಡಕ್ಕೆ ನಿಲ್ಲಿಸುತ್ತೇನೆಂದು ಮೊದಲೇ ಹೇಳಿ, 1986ರಲ್ಲಿ ಹೇಳಿದಂತೆಯೇ ನಿಲ್ಲಿಸಿದರು. ಎಡ್ಡಿ ಮರ್ಕ್ಸ್ ಮಾತ್ರ ಶಕ್ತಿ ಕುಂದಿದ ಮೇಲೂ 1977ರ ಟೂರ್‌ಗೆ ಬಂದು ಆರನೆಯವರಾದರು. ಆ ವರ್ಷದ ಮರ್ಕ್ಸ್‌ರನ್ನು ನೆನೆದು ಈಗಲೂ ನಿಟ್ಟುಸಿರು ಬಿಡುವವರಿದ್ದಾರೆ. ಆರ್ಮ್‌ಸ್ಟ್ರಾಂಗ್ ಇವರಲ್ಲಿ ಯಾರ ಹಾದಿ ಹಿಡಿಯುತ್ತಾನೆ ಎಂಬುದೇ ಎಲ್ಲರ ಮಾತಿನ ವಿಷಯವಾಯಿತು.

ಈ ಮರಳುವಿಕೆಯನ್ನು ಚಿತ್ರೀಕರಿಸಲು ಗೊತ್ತಾದವರು ಅಲೆಕ್ಸ್ ಗಿಬ್ನಿ. ಇವರು ಸಾಮಾನ್ಯ ನಿರ್ದೇಶಕರಲ್ಲ. ಅಫಘಾನಿಸ್ತಾನದ ಬಗ್ರಾಮ್ ಸೇನಾ ನೆಲೆಯಲ್ಲಿ 2002ರಲ್ಲಿ ಅಮೆರಿಕದ ಸೈನಿಕರ ಹೊಡೆತಕ್ಕೆ ಸಿಕ್ಕು ಸತ್ತ ದಿಲಾವರ್ ಎಂಬ ಬಡ ಟ್ಯಾಕ್ಸಿ ಚಾಲಕನ ಕುರಿತು ‘ಟ್ಯಾಕ್ಸಿ ಟು ದ ಡಾರ್ಕ್ ಸೈಡ್’ ಎಂಬ ಸಾಕ್ಷ್ಯಚಿತ್ರ ಮಾಡಿ ಆಸ್ಕರ್ ಪಡೆದವರು. ತಮ್ಮದೇ ಸರಕಾರದ ಸುಳ್ಳನ್ನು ದಾಖಲೆ ಸಮೇತ ಬಯಲಿಗೆಳೆದವರು. ಅಂಥವರು ಈ ಬಾರಿ ಮಾಡಹೊರಟದ್ದು ಒಬ್ಬ ವೀರನ ಪುನರಾಗಮನದ ಉತ್ಸಾಹಭರಿತ ಚಿತ್ರ. 2009ರಲ್ಲಿ ಚಿತ್ರೀಕರಣವಾಯಿತು. ಚಿತ್ರ ಬಹುಪಾಲು ಸಿದ್ಧವಾಗಿದ್ದಾಗ ಅಮೆರಿಕದಲ್ಲಿ ತನಿಖೆ ಆರಂಭವಾಗಿ ಅದು ಡಬ್ಬದಲ್ಲೇ ಉಳಿಯಿತು. ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ 2012ರ ಆಗಸ್ಟ್‌ನಲ್ಲಿ ಆರ್ಮ್‌ಸ್ಟ್ರಾಂಗ್‌ಗೆ ಆಜೀವ ನಿಷೇಧ ವಿಧಿಸಿ, ಅಕ್ಟೋಬರ್‌ನಲ್ಲಿ ಸವಿವರ ತೀರ್ಪು ಪ್ರಕಟಿಸಿತು. ಇಪ್ಪತ್ತಾರು ಮಂದಿಯ ಸಾಕ್ಷ್ಯ, ಅವರಲ್ಲಿ ಹನ್ನೊಂದು ಮಂದಿ ಆತನ ತಂಡದಲ್ಲೇ ಸವಾರಿ ಮಾಡಿದವರು. 2013ರ ಜನವರಿಯಲ್ಲಿ ಆತ ಓಪ್ರಾ ವಿನ್‌ಫ್ರೆ ಎದುರು ಕುಳಿತು, ಏಳು ಗೆಲುವುಗಳಲ್ಲೂ ಮದ್ದು ಬಳಸಿದ್ದನ್ನು ಒಪ್ಪಿಕೊಂಡ. ಗಿಬ್ನಿ ಹಳೆಯ ರೀಲುಗಳನ್ನು ಹೊರತೆಗೆದು, ಹೊಸ ಸಂದರ್ಶನಗಳನ್ನು ಸೇರಿಸಿ, ಅದೇ ವರ್ಷ ‘ದಿ ಆರ್ಮ್‌ಸ್ಟ್ರಾಂಗ್ ಲೈ’ ಎಂಬ ಹೆಸರಿನಲ್ಲಿ ಬೇರೆಯೇ ಚಿತ್ರವನ್ನು ಹೊರತಂದರು. ಅಭಿಮಾನದ ದೃಶ್ಯಗಳಿಗೆ ಆರೋಪಪಟ್ಟಿಯ ಧ್ವನಿ ಜೋಡಿಸಿದ ಚಿತ್ರವಿದು. ನಾವು ಇಲ್ಲಿ ಮಾತನಾಡಬೇಕೆಂದಿರುವುದು ಅದರ ಕುರಿತು.

ಮೊದಲು ಚಿತ್ರದ ಹಿರಿಮೆಯನ್ನು ಹೇಳಿಬಿಡೋಣ. 2009ರ ಟೂರ್‌ನ ಭಾಗಗಳು ನಿಜಕ್ಕೂ ಕಟ್ಟಿಹಾಕುತ್ತವೆ. ನಾಲ್ಕನೆಯ ದಿನ ಮೊಂಪೆಲಿಯೆಯಲ್ಲಿ ತಂಡಗಳ ಕಾಲಸ್ಪರ್ಧೆ ಮುಗಿದಾಗ ಹಳದಿ ಅಂಗಿ ಆತನ ಕೈ ತಪ್ಪಿದ್ದು ಒಂದು ಸೆಕೆಂಡಿನ ಕಾಲು ಭಾಗಕ್ಕೂ ಕಡಿಮೆ ಅಂತರದಲ್ಲಿ. ಆತನದೇ ಆಸ್ತಾನಾ ತಂಡದ ತರುಣ, ಸ್ಪೇನಿನ ಆಲ್ಬರ್ಟೊ ಕೊಂಟಡೋರ್, ವೆರ್ಬಿಯೆಯ ಏರಿನಲ್ಲಿ ಎದ್ದು ಹೊರಟಾಗ ಹಿಂದೆ ಉಳಿದ ಹಳೆಯ ಹುಲಿಯ ಮುಖವನ್ನು ಕ್ಯಾಮೆರಾ ಬಿಡದೆ ಹಿಡಿಯುತ್ತದೆ. ಒಂದೇ ತಂಡ, ಇಬ್ಬರು ನಾಯಕರು, ಊಟದ ಮೇಜಿನಲ್ಲಿ ಬಿಗಿದ ಮೌನ. ಕಡೆಗೆ ಮೊಂ ವೆಂತೂ ಎಂಬ ಬೋಳು ಬೆಟ್ಟದ ಮೇಲೆ ಆತ ಮೂರನೆಯ ಸ್ಥಾನವನ್ನು ಉಳಿಸಿಕೊಂಡಾಗ ತಾನೂ ಒಳಗೊಳಗೇ ಆತನ ಪರ ಕೂಗುತ್ತಿದ್ದೆ ಎಂದು ಗಿಬ್ನಿ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾರೆ. ಮೊದಲ ಸ್ಥಾನದ ಕೊಂಟಡೋರ್‌ಗಿಂತ ಐದು ನಿಮಿಷ ಇಪ್ಪತ್ನಾಲ್ಕು ಸೆಕೆಂಡು ಹಿಂದೆ. ಮೂವತ್ತೇಳರಲ್ಲಿ ಇದಕ್ಕಿಂತ ಹೆಚ್ಚೇನು ಬೇಕು ಎಂದು ಒಂದು ಗುಂಪು ಹಿಗ್ಗಿತು, ಏಳು ಬಾರಿ ಗೆದ್ದವನಿಗೆ ಮೂರನೆಯ ಸ್ಥಾನವೇ ಎಂದು ಇನ್ನೊಂದು ಗುಂಪು ಕುಗ್ಗಿತು. ಮರುವರ್ಷ ಆತ ಇಪ್ಪತ್ತಮೂರನೆಯವನಾದಾಗ ಎರಡನೆಯ ಗುಂಪು ತನ್ನ ಮಾತೇ ನಿಜವಾಯಿತೆಂದುಕೊಂಡಿತು.

ನಮ್ಮ ಮುಖ್ಯ ಆಕ್ಷೇಪ ಇರುವುದು ಈ ಚರ್ಚೆಯ ಸ್ವರೂಪದ ಬಗ್ಗೆಯೇ. ಈ ದೇಹಕ್ಕೆ ಇನ್ನೂ ಸಾಧ್ಯವೇ ಎಂದು ಎಲ್ಲರೂ ಕೇಳಿದರು. ಈ ದೇಹಕ್ಕೆ ಹಿಂದೆ ಅದು ಸಾಧ್ಯವಾದದ್ದು ಹೇಗೆ ಎಂಬ ಪ್ರಶ್ನೆ ಅದರ ಅಡಿಯಲ್ಲಿ ಹೂತುಹೋಯಿತು. ವಯಸ್ಸಿನ ಕುರಿತ ಚರ್ಚೆಯೊಳಗೆ ಒಂದು ಮೌನ ಒಪ್ಪಿಗೆ ಅಡಗಿದೆ. ಈಗ ಶಕ್ತಿ ಕುಂದಿದೆಯೇ ಎಂದು ಕೇಳುವವನು ಆಗ ಆ ಶಕ್ತಿ ಸ್ವಂತದ್ದಾಗಿತ್ತು ಎಂಬುದನ್ನು ಒಪ್ಪಿಕೊಂಡೇ ಮಾತಿಗಿಳಿದಿರುತ್ತಾನೆ. ಆತನಿಗೆ ಬೇಕಾಗಿದ್ದುದೂ ಅದೇ. ಗೆದ್ದರೆ ಹಳೆಯ ಗೆಲುವುಗಳೆಲ್ಲ ಶುದ್ಧವೆಂದು ತಾನಾಗಿ ಸಾಬೀತಾಗುತ್ತದೆ. ಸೋತರೆ, ಪಾಪ, ವಯಸ್ಸಾಯಿತು. ಎರಡರಲ್ಲೂ ನಷ್ಟವಿಲ್ಲ.

ಕಣ್ಣಿಟ್ಟು ನೋಡುವವರಿಗೆ ಕುರುಹುಗಳು ಇರಲಿಲ್ಲವೇ? ಇದ್ದವು. ಮರಳುವಿಕೆಯನ್ನು ಘೋಷಿಸಿದಾಗ, ಡಾನ್ ಕ್ಯಾಟ್ಲಿನ್ ಎಂಬ ಹೆಸರಾಂತ ತಜ್ಞರಿಂದ ಸ್ವತಂತ್ರ ಪರೀಕ್ಷೆಗೆ ಒಳಗಾಗಿ ಫಲಿತಾಂಶಗಳನ್ನು ಜಗತ್ತಿನ ಮುಂದಿಡುತ್ತೇನೆ ಎಂದು ಆರ್ಮ್‌ಸ್ಟ್ರಾಂಗ್ ಹೇಳಿದ್ದ. 2009ರ ಫೆಬ್ರವರಿಯಲ್ಲಿ ಆ ಯೋಜನೆಯನ್ನು ಸದ್ದಿಲ್ಲದೆ ಕೈಬಿಡಲಾಯಿತು. ಅದು ಎಷ್ಟು ಜನರ ಚರ್ಚೆಗೆ ವಸ್ತುವಾಯಿತು? ಮರುತಿಂಗಳು ಸ್ಪೇನಿನ ಸ್ಪರ್ಧೆಯೊಂದರಲ್ಲಿ ಬಿದ್ದು ಆತನ ಕೊರಳೆಲುಬು ಮುರಿದಾಗ ಮಾತ್ರ ಜಗತ್ತಿಗೆ ಜಗತ್ತೇ ಮರುಗಿತು. ಮೂಳೆ ಕೂಡಲು ಎಷ್ಟು ದಿನ ಬೇಕು, ಮೇ ತಿಂಗಳ ಇಟಲಿ ಸ್ಪರ್ಧೆಗೆ ಸಿದ್ಧನಾಗುತ್ತಾನೆಯೇ ಎಂಬ ಲೆಕ್ಕಾಚಾರ ಎಲ್ಲೆಲ್ಲೂ ನಡೆಯಿತು.

ರಕ್ತದ ವಿಷಯವನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಮೂರು ವಾರ ಎಡೆಬಿಡದೆ ಸವಾರಿ ಮಾಡಿದವನ ರಕ್ತ ಸಾಮಾನ್ಯವಾಗಿ ತೆಳುವಾಗುತ್ತ ಹೋಗುತ್ತದೆ. ರಕ್ತದಲ್ಲಿನ ನೀರಿನಂಶ ಹೆಚ್ಚುವುದರಿಂದ ಹಿಮೋಗ್ಲೋಬಿನ್ ಪ್ರಮಾಣ ತಗ್ಗುತ್ತದೆ. ಮೊದಲೇ ತೆಗೆದು ಶೀತದಲ್ಲಿಟ್ಟ ತನ್ನದೇ ರಕ್ತವನ್ನು ಸ್ಪರ್ಧೆಯ ನಡುವೆ ಮತ್ತೆ ಏರಿಸಿಕೊಂಡರೆ ಹೀಗಾಗುವುದಿಲ್ಲ. ಆದರೆ ದೇಹ ಹೊಸ ಕೆಂಪುಕಣಗಳನ್ನು ತಯಾರಿಸುವುದನ್ನು ಕಡಿಮೆ ಮಾಡುತ್ತದೆ, ಎಳೆಯ ಕಣಗಳ ಸಂಖ್ಯೆ ಇಳಿಯುತ್ತದೆ. 2009 ಮತ್ತು 2010ರ ಆತನ ಮಾದರಿಗಳಲ್ಲಿ ಕಂಡ ಬದಲಾವಣೆ ಸಹಜವಾಗಿ ಆಗಿರುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಎಂದು 2012ರ ತೀರ್ಪು ಹೇಳಿತು. ಆತ ಮಾತ್ರ ಮರಳಿ ಬಂದ ಮೇಲಿನ ವರ್ಷಗಳಲ್ಲಿ ಮದ್ದು ಮುಟ್ಟಿಲ್ಲವೆಂದು ಓಪ್ರಾ ಮುಂದೆಯೂ ಸಾಧಿಸಿದ. ಸೋಜಿಗವೆಂದರೆ 2009ರ ತನ್ನ ರಕ್ತದ ಅಂಕಿಗಳನ್ನು ಆತನೇ ಬಹಿರಂಗಪಡಿಸಿದ್ದ. ಓದಬಲ್ಲವರಿಗೆ ಅವು ತೆರೆದೇ ಇದ್ದವು. ಗಿಬ್ನಿಯ ಚಿತ್ರದಲ್ಲಿ ಪರೀಕ್ಷಕರು ಮನೆಗೇ ಬಂದು ರಕ್ತ ತೆಗೆಯುವ ದೃಶ್ಯವೊಂದಿದೆ. ಮಕ್ಕಳು ಅಲ್ಲೇ ಸುಳಿದಾಡುತ್ತಿರುತ್ತಾರೆ. 2009ರ ಚಿತ್ರದಲ್ಲಿ ಅದು ನಾಯಕನ ಪಾರದರ್ಶಕತೆಗೆ ಸಾಕ್ಷಿಯಾಗಿರುತ್ತಿತ್ತು. ಈಗ ಅದೇ ದೃಶ್ಯ ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸುತ್ತದೆ. ಒಂದೂ ಚೌಕಟ್ಟು ಬದಲಾಗಿಲ್ಲ. ಇಡೀ ಚಿತ್ರದ ಅತ್ಯುತ್ತಮ ಕ್ಷಣ ಅದೇ ಎಂಬುದು ನಮ್ಮ ಅಭಿಪ್ರಾಯ.

ಇಷ್ಟಾದರೂ ಚಿತ್ರ ನಮಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಎರಡು ಗಂಟೆಯ ಚಿತ್ರದುದ್ದಕ್ಕೂ ಗಿಬ್ನಿ ಕೇಳುವುದು, ನನಗೇಕೆ ಸುಳ್ಳು ಹೇಳಿದೆ ಎಂದು. ನಿರ್ದೇಶಕನಿಗೆ ಆದ ನೋವು ಸಣ್ಣದೆಂದು ನಾವು ಹೇಳುವುದಿಲ್ಲ. ಆದರೆ ಈ ಕಥೆಯಲ್ಲಿ ಅವರಿಗಿಂತ ಬಹಳ ಹಿಂದೆ, ಅವರಿಗಿಂತ ಬಹಳ ಆಳವಾಗಿ ನೊಂದವರಿದ್ದಾರೆ. ತಂಡದ ಸವಾರ ಫ್ರಾಂಕಿ ಆಂಡ್ರೂ ಅವರ ಪತ್ನಿ ಬೆಟ್ಸಿ ಆಂಡ್ರೂ, 1996ರಲ್ಲಿ ಆಸ್ಪತ್ರೆಯ ಕೋಣೆಯಲ್ಲಿ ಆತ ವೈದ್ಯರ ಮುಂದೆ ಮದ್ದುಗಳ ಹೆಸರು ಹೇಳಿದ್ದನ್ನು ಕಿವಿಯಾರೆ ಕೇಳಿದವರು. ಪ್ರಮಾಣ ಮಾಡಿ ಕೇಳಿದಾಗ ನಿಜವನ್ನೇ ಹೇಳಿದರು. ಹೊಟ್ಟೆಕಿಚ್ಚಿನ ಹೆಂಗಸೆಂಬ ಬಿರುದು ಹೊತ್ತು ವರ್ಷಗಟ್ಟಲೆ ಬದುಕಿದರು. ತಂಡದಲ್ಲಿ ಸವಾರರ ಮೈಕೈ ನೀವುತ್ತಿದ್ದ ಎಮ್ಮಾ ಒ’ರೈಲಿ ಪತ್ರಕರ್ತ ಡೇವಿಡ್ ವಾಲ್ಶ್‌ಗೆ ಕಂಡದ್ದನ್ನು ಹೇಳಿದ್ದಕ್ಕೆ ಅವರ ನಡತೆಯ ಮೇಲೆಯೇ ಕೆಸರೆರಚಲಾಯಿತು. ವಾಲ್ಶ್ ಬರೆಯುತ್ತಿದ್ದ ಪತ್ರಿಕೆಯ ಮೇಲೆ ಮೊಕದ್ದಮೆ ಬಿತ್ತು, ಪತ್ರಿಕೆ ಹಣ ತೆತ್ತು ರಾಜಿಯಾಯಿತು. ಫ್ರಾನ್ಸಿನ ಕ್ರಿಸ್ಟೋಫ್ ಬಸ್ಸೊಂ 1999ರಲ್ಲಿ ಮದ್ದಿನ ಬಗ್ಗೆ ಬರೆದದ್ದಕ್ಕೆ ಸವಾರರ ನಡುವೆ ಒಂಟಿಯಾಗಿ, ಸ್ಪರ್ಧೆಯ ಮಧ್ಯದಲ್ಲೇ ಮನೆಗೆ ಹೋದರು. ಇಟಲಿಯ ಫಿಲಿಪ್ಪೊ ಸಿಮಿಯೋನಿ, ಆರ್ಮ್‌ಸ್ಟ್ರಾಂಗ್‌ನ ವೈದ್ಯ ಮಿಕೆಲೆ ಫೆರಾರಿಯ ವಿರುದ್ಧ ಸಾಕ್ಷಿ ಹೇಳಿದ್ದರು. 2004ರ ಟೂರ್‌ನಲ್ಲಿ ಅವರು ಮುಂದಿನ ಸಣ್ಣ ಗುಂಪನ್ನು ಸೇರಲು ಹೊರಟಾಗ, ಹಳದಿ ಅಂಗಿ ತೊಟ್ಟ ಆರ್ಮ್‌ಸ್ಟ್ರಾಂಗ್ ತಾನೇ ಬೆನ್ನಟ್ಟಿ ಹೋದ. ಆತ ಇರುವವರೆಗೆ ಆ ಗುಂಪಿಗೆ ಗೆಲ್ಲುವ ಆಸೆಯಿರಲಿಲ್ಲ. ಸಿಮಿಯೋನಿ ಸೋತು ಹಿಂದೆ ಸರಿಯಬೇಕಾಯಿತು. ಆಮೇಲೆ ಆತ ತುಟಿಗೆ ಬೆರಳಿಟ್ಟು ಬಾಯಿ ಹೊಲಿಯುವ ಸನ್ನೆ ಮಾಡಿದ್ದನ್ನು ಟಿವಿ ಜಗತ್ತಿಗೆಲ್ಲ ತೋರಿಸಿತು. ಆ ದಿನ ಕೂಡ ಅಭಿಮಾನಿಗಳು ಮೆಚ್ಚಿದ್ದು ಆತನ ಛಲವನ್ನೇ.

ಇವರಲ್ಲಿ ಬೆಟ್ಸಿಯಂಥ ಕೆಲವರು ಚಿತ್ರದಲ್ಲಿ ಮಾತನಾಡುತ್ತಾರೆ, ನಿಜ. ಆದರೆ ಅವರ ಮಾತು ಮುಗಿಯುವ ಮುನ್ನವೇ ಕ್ಯಾಮೆರಾ ಮತ್ತೆ ಆ ಒಂದೇ ಮುಖಕ್ಕೆ ಹಿಂದಿರುಗುತ್ತದೆ. ದಿಲಾವರ್‌ನ ಕಥೆ ಹೇಳುವಾಗ ಸತ್ತ ಬಡವನನ್ನು ನಡುವಿಟ್ಟ ನಿರ್ದೇಶಕ, ಇಲ್ಲಿ ಹೊಡೆದವನನ್ನೇ ನಡುವಿಟ್ಟಿದ್ದಾರೆ. ಅಭಿಮಾನದ ರೂಢಿ ಕೋಪದಲ್ಲೂ ಬಿಟ್ಟುಹೋಗುವುದಿಲ್ಲವೆಂದು ತೋರುತ್ತದೆ.

ಇನ್ನೂ ಕಷ್ಟದ ಪ್ರಶ್ನೆಯೊಂದಿದೆ. ಚಿತ್ರ ಅದನ್ನು ಮುಟ್ಟಿ ಬಿಡುತ್ತದೆ. 2004ರಲ್ಲಿ ಒಂದು ಡಾಲರ್ ಬೆಲೆಗೆ ಹೊರಬಂದ ಹಳದಿ ರಬ್ಬರ್ ಪಟ್ಟಿಗಳು ಎಂಟು ಕೋಟಿಗೂ ಹೆಚ್ಚು ಮಾರಾಟವಾದವು. ಕಿಮೋಥೆರಪಿಯಿಂದ ಕೂದಲುದುರಿದ ಮಕ್ಕಳು ಅದನ್ನು ಮುಂಗೈಗೆ ಹಾಕಿಕೊಂಡು ಮಲಗಿದರು. ಮರಳುವಿಕೆಯ ಉದ್ದೇಶವೇ ಕ್ಯಾನ್ಸರ್ ಜಾಗೃತಿ ಎಂದು ಆತ ಹೇಳಿದಾಗ ಎದುರಾಡುವುದು ಯಾರಿಗೆ ಸಾಧ್ಯವಿತ್ತು? ಆತನಿಗೆ ಬಂದ ರೋಗ ಸುಳ್ಳಲ್ಲ, ವಾಸಿಯಾದದ್ದು ಸುಳ್ಳಲ್ಲ, ಸಂಸ್ಥೆಯಿಂದ ನೆರವು ಪಡೆದ ರೋಗಿಗಳೂ ಸುಳ್ಳಲ್ಲ. ಆದ್ದರಿಂದ ಅದೆಲ್ಲವನ್ನೂ ಒಂದೇ ಏಟಿಗೆ ಕಸಕ್ಕೆಸೆಯುವವರ ಜೊತೆ ನಾವಿಲ್ಲ. ಆದರೆ ರೋಗಿಯ ಭರವಸೆಯನ್ನು ಗುರಾಣಿಯಾಗಿ ಹಿಡಿದು, ಪ್ರಶ್ನೆ ಕೇಳಿದವನನ್ನು ರೋಗಿಗಳ ಶತ್ರುವೆಂಬಂತೆ ಬಿಂಬಿಸಿದ್ದು ಮದ್ದಿಗಿಂತಲೂ ದೊಡ್ಡ ಅಪರಾಧ. 2009ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಪತ್ರಿಕಾಗೋಷ್ಠಿಯಲ್ಲಿ ಪಾಲ್ ಕಿಮೇಜ್ ಎಂಬ ಪತ್ರಕರ್ತರನ್ನು ಆತ ತುಂಬಿದ ಸಭೆಯಲ್ಲಿ ಹೀಗಳೆದದ್ದು ಇದೇ ಗುರಾಣಿಯ ಹಿಂದೆ ನಿಂತು. ಆತನನ್ನು ಸೈಕಲ್ ಕ್ರೀಡೆಯ ಕ್ಯಾನ್ಸರ್ ಎಂದು ಕಿಮೇಜ್ ಕರೆದಿದ್ದರು. ಅದು ಒರಟು ಮಾತು, ಸಂಶಯವಿಲ್ಲ. ಆದರೆ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಕೋಟೆ ಕುಸಿದದ್ದು ಮರಳಿ ಬಂದದ್ದರಿಂದಲೇ. ಹಳೆಯ ಸಹಸವಾರ ಫ್ಲಾಯ್ಡ್ ಲ್ಯಾಂಡಿಸ್ 2006ರ ಟೂರ್ ಗೆದ್ದು, ಸಿಕ್ಕಿಬಿದ್ದು, ಪ್ರಶಸ್ತಿ ಕಳೆದುಕೊಂಡು, ಶಿಕ್ಷೆ ಮುಗಿಸಿ ಬಂದಿದ್ದರು. ಆರ್ಮ್‌ಸ್ಟ್ರಾಂಗ್‌ನ ಹೊಸ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. 2010ರ ವಸಂತದಲ್ಲಿ ಅವರು ಎಲ್ಲವನ್ನೂ ಪತ್ರಗಳಲ್ಲಿ ಬರೆದು ಅಧಿಕಾರಿಗಳಿಗೆ ಕಳಿಸಿದರು. ಅಂಚೆ ಇಲಾಖೆಯ ಪ್ರಾಯೋಜಕತ್ವದ ಹಣದ ಕುರಿತು ಅವರು ಆರಂಭಿಸಿದ ಮೊಕದ್ದಮೆ 2018ರಲ್ಲಿ ಆರ್ಮ್‌ಸ್ಟ್ರಾಂಗ್ ಐವತ್ತು ಲಕ್ಷ ಡಾಲರ್ ತೆರಲು ಒಪ್ಪಿದಾಗ ಮುಗಿಯಿತು. ಮರಳದೇ ಇದ್ದಿದ್ದರೆ ಯಾರೂ ತನ್ನನ್ನು ಮುಟ್ಟುತ್ತಿರಲಿಲ್ಲವೆಂಬ ಧಾಟಿಯಲ್ಲಿ ಆತನೂ ಮಾತನಾಡಿದ್ದಾನೆ. ಇದನ್ನು ಹಿಡಿದುಕೊಂಡು ಅಭಿಮಾನಿಗಳಲ್ಲಿ ಕೆಲವರು ಇಂದಿಗೂ ಅದೇ ಹಳೆಯ ಚರ್ಚೆಯನ್ನು ಮುಂದುವರಿಸುತ್ತಾರೆ: ಆತ ಮರಳಬಾರದಿತ್ತು, 2005ರಲ್ಲೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಯಾರಿಗೆ ಚೆನ್ನಾಗಿತ್ತು? ಬೆಟ್ಸಿ ಆಂಡ್ರೂ ಆಗ ಸಾಯುವವರೆಗೂ ಸುಳ್ಳುಗಾತಿಯಾಗಿಯೇ ಉಳಿಯುತ್ತಿದ್ದರು.

ಹಳಬರು ಮರಳಿದಾಗಲೆಲ್ಲ ಸಂಶಯಿಸಬೇಕೆಂದು ನಾವು ಹೇಳುತ್ತಿಲ್ಲ. ಮಾರ್ಕ್ ಕ್ಯಾವೆಂಡಿಷ್ 2020ರಲ್ಲಿ ಇದೇ ಕೊನೆಯ ಸ್ಪರ್ಧೆಯಿರಬಹುದೆಂದು ಕಣ್ಣೀರಿಟ್ಟು, 2021ರಲ್ಲಿ ನಾಲ್ಕು ಹಂತಗಳನ್ನು ಗೆದ್ದು, 2023ರಲ್ಲಿ ಬಿದ್ದು ಮೂಳೆ ಮುರಿದುಕೊಂಡು, 2024ರ ಜುಲೈ 3ರಂದು ಮೂವತ್ತೊಂಬತ್ತರ ಹರೆಯದಲ್ಲಿ ಟೂರ್‌ನ ಮೂವತ್ತೈದನೆಯ ಹಂತ ಗೆದ್ದು ಮರ್ಕ್ಸ್‌ರ ದಾಖಲೆ ದಾಟಿದಾಗ, ವಯಸ್ಸಿನ ಚರ್ಚೆಗೆ ಅದರದೇ ಸೊಗಸಿತ್ತು.

2009ರ ಟೂರ್‌ನ ಫಲಿತಾಂಶ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಈಗ ಇಂಗ್ಲೆಂಡಿನ ಬ್ರಾಡ್ಲಿ ವಿಗ್ಗಿನ್ಸ್ ಹೆಸರಿದೆ. 1999ರಿಂದ 2005ರವರೆಗಿನ ವಿಜೇತರ ಜಾಗದಲ್ಲಿ ಯಾರನ್ನೂ ಕೂರಿಸಿಲ್ಲ. ಆ ವರ್ಷಗಳಲ್ಲಿ ಎರಡನೆಯ, ಮೂರನೆಯ ಸ್ಥಾನ ಪಡೆದವರಲ್ಲಿ ಹೆಚ್ಚಿನವರೂ ಮದ್ದಿನ ಪ್ರಕರಣಗಳಲ್ಲಿ ಸಿಲುಕಿದವರೇ ಆಗಿದ್ದರು.