ಆಕಾಶದಲ್ಲಿ ನಿಂತ ನಾಡಿ: ಸುದ್ದಿ ಹೇಳಿದ್ದು, ಬಿಟ್ಟದ್ದು

2023ರ ಆಗಸ್ಟ್ 27ರಂದು ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದ ವಿಸ್ತಾರಾ ವಿಮಾನದಲ್ಲಿ, ಹೃದಯ ಶಸ್ತ್ರಚಿಕಿತ್ಸೆಯಾಗಿದ್ದ ಮಗುವೊಂದರ ಉಸಿರು, ನಾಡಿ ಎರಡೂ ನಿಂತವು. ಅದೇ ವಿಮಾನದಲ್ಲಿದ್ದ ದೆಹಲಿಯ ಏಮ್ಸ್ ಸಂಸ್ಥೆಯ ಐವರು ವೈದ್ಯರು ಕೂಡಲೇ ಸಿಪಿಆರ್ ಆರಂಭಿಸಿದರು. ನಾಡಿ ಮರಳಿತು. ಹೃದಯ ಮತ್ತೊಮ್ಮೆ ನಿಂತಾಗ ಎಇಡಿ ಎಂಬ ಸ್ವಯಂಚಾಲಿತ ವಿದ್ಯುದಾಘಾತ ಸಾಧನ ಬಳಸಿದರು. ಸುಮಾರು 45 ನಿಮಿಷಗಳ ಶ್ರಮದ ಬಳಿಕ, ನಾಗಪುರದಲ್ಲಿ ಇಳಿದ ವಿಮಾನದಿಂದ ಮಗುವನ್ನು ಆಸ್ಪತ್ರೆಗೆ ಒಪ್ಪಿಸಲಾಯಿತು. ವೈದ್ಯರು ಪ್ರಾಣ ಉಳಿಸಿದರು ಎಂಬರ್ಥದ ಶೀರ್ಷಿಕೆಗಳು ದೇಶದೆಲ್ಲೆಡೆ ಕಾಣಿಸಿಕೊಂಡವು. ಆಗಸ್ಟ್ 31ರಂದು ಮಗು ತೀರಿಕೊಂಡಿತು.

ವೈದ್ಯರ ಕೆಲಸ ನಿಸ್ಸಂದೇಹವಾಗಿ ಮೆಚ್ಚುವಂಥದ್ದು. ಆಕ್ಷೇಪಣೆ ಇರುವುದು ಸುದ್ದಿಯನ್ನು ಹೇಳಿದ ಕ್ರಮದ ಬಗ್ಗೆ. ಮೊದಲನೆಯದಾಗಿ, ನಾಡಿ ಮರಳುವುದು ಮತ್ತು ರೋಗಿ ಬದುಕಿ ಮನೆಗೆ ಹೋಗುವುದು ಬೇರೆ ಬೇರೆ ಫಲಿತಾಂಶಗಳು. ಅಮೆರಿಕದ ವಿಮಾನಯಾನ ಸಂಸ್ಥೆಯೊಂದರ ಎಇಡಿ ಬಳಕೆಯ ಬಗ್ಗೆ 2000ದಲ್ಲಿ ಪ್ರಕಟವಾದ ಅಧ್ಯಯನವು ಈ ವ್ಯತ್ಯಾಸವನ್ನು ಮರೆಯಲಿಲ್ಲ. ವಿದ್ಯುದಾಘಾತ ಪಡೆದವರಲ್ಲಿ ಶೇ. 40ರಷ್ಟು ಜನ ಆಸ್ಪತ್ರೆಯಿಂದ ಬಿಡುಗಡೆಯಾದರು ಎಂದು ಅದು ಲೆಕ್ಕ ಕೊಟ್ಟಿತು. ಉಳಿದ ಶೇ. 60 ಆ ಲೆಕ್ಕದಲ್ಲೇ ಅಡಗಿದೆ. ಮೊದಲ ದಿನದ ಶೀರ್ಷಿಕೆಯಲ್ಲಿ ಅಂಥ ಲೆಕ್ಕಕ್ಕೆ ಜಾಗವಿರಲಿಲ್ಲ.

ಎರಡನೆಯದಾಗಿ, ಭೌತವಿಜ್ಞಾನ ಬಿಟ್ಟುಹೋಯಿತು. ಹಾರಾಟದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮನಾಗಿ ಇಡಲಾಗುತ್ತದೆ. 2,400 ಮೀಟರಿನಲ್ಲಿ ಒತ್ತಡವು ಸಮುದ್ರಮಟ್ಟದ ಸುಮಾರು ಮುಕ್ಕಾಲು ಭಾಗ ಮಾತ್ರ. ಆಕ್ಸಿಜನ್ನಿನ ಆಂಶಿಕ ಒತ್ತಡವೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಆರೋಗ್ಯವಂತರ ರಕ್ತದಲ್ಲಿ ಆಕ್ಸಿಜನ್ ಪರ್ಯಾಪ್ತತೆ ಕೆಲವೇ ಅಂಶ ಕುಸಿಯುವುದರಿಂದ ಅವರಿಗೆ ಅದು ತಿಳಿಯುವುದೂ ಇಲ್ಲ. ಹೃದಯ, ಶ್ವಾಸಕೋಶಗಳ ರೋಗಿಗಳಿಗೆ ಅದೇ ಕುಸಿತ ಭಾರವಾಗಬಹುದು. ಮಗುವಿಗೆ ಇದೇ ಕಾರಣವೆಂದು ತೀರ್ಪು ಕೊಡುವುದು ವರದಿಗಾರರ ಕೆಲಸವಲ್ಲ. ಆದರೆ ಪ್ರಯಾಣಕ್ಕೆ ಮುನ್ನ ಇಂಥವರು ವೈದ್ಯರನ್ನು ಏಕೆ ಕೇಳಬೇಕೆಂದು ಓದುಗರಿಗೆ ತಿಳಿಸಲು ಇದಕ್ಕಿಂತ ತಕ್ಕ ಸಂದರ್ಭ ಯಾವುದಿತ್ತು?

ಮೂರನೆಯದು ಹೆಚ್ಚು ಮುಖ್ಯ. ಐವರು ವೈದ್ಯರು ಒಂದೇ ವಿಮಾನದಲ್ಲಿದ್ದದ್ದು ಆಕಸ್ಮಿಕ. ಐದು ವಿಮಾನಯಾನ ಸಂಸ್ಥೆಗಳ 11,920 ಪ್ರಕರಣಗಳನ್ನು (2008–2010) ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 604 ಹಾರಾಟಗಳಿಗೆ ಒಂದರಂತೆ ವೈದ್ಯಕೀಯ ತುರ್ತು ಎದುರಾಯಿತು. ಪ್ರಯಾಣಿಕ ವೈದ್ಯರು ನೆರವಾದದ್ದು ಶೇ. 48.1ರಷ್ಟು ಪ್ರಕರಣಗಳಲ್ಲಿ. ಮಾರ್ಗ ಬದಲಿಸಿ ಇಳಿದದ್ದು ಶೇ. 7.3ರಲ್ಲಿ ಮಾತ್ರ. ನೆಲದ ಮೇಲಿನ ವೈದ್ಯಕೀಯ ಸಲಹಾ ಕೇಂದ್ರಕ್ಕೆ ಕರೆ ಬಂದ ಪ್ರಕರಣಗಳಷ್ಟೇ ಈ ಲೆಕ್ಕದಲ್ಲಿವೆ ಎಂಬ ಮಿತಿಯನ್ನೂ ಗಮನಿಸಬೇಕು. ವೈದ್ಯರಿಲ್ಲದಿದ್ದಾಗ ನೆರವಾಗುವುದು ತರಬೇತಿ ಪಡೆದ ಸಿಬ್ಬಂದಿ, ವೈದ್ಯಕೀಯ ಪೆಟ್ಟಿಗೆ ಮತ್ತು ನೆಲದಿಂದ ಬರುವ ಸಲಹೆ. ಸುದ್ದಿಯು ವೀರರನ್ನು ತೋರಿಸಿತು, ವ್ಯವಸ್ಥೆಯನ್ನು ತೋರಿಸಲಿಲ್ಲ.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಓದುಗರಿಗೆ ವಿಮಾನದ ಈ ಮಾತು ದೂರದ್ದೆನಿಸಬಹುದು. ಆದರೆ ಈ ಮೂರೂ ಊರುಗಳನ್ನು ಜೋಡಿಸುವ ರಸ್ತೆಯಲ್ಲಿ ಓಡುವ ಬಸ್ಸಿನಲ್ಲಿ ಒಬ್ಬರು ಕುಸಿದುಬಿದ್ದರೆ ಸ್ಥಿತಿ ಬಹಳ ಭಿನ್ನವಲ್ಲ. ಜಿಲ್ಲಾ ಕೇಂದ್ರ ರಾಯಚೂರು ಮೂರೂ ಊರುಗಳಿಂದ ಎಂಬತ್ತು ಕಿಲೋಮೀಟರಿಗೂ ದೂರ. ತಾಲ್ಲೂಕು ಆಸ್ಪತ್ರೆ ತಲುಪಲೂ ಹೊತ್ತು ಬೇಕು. ಹೃದಯ ನಿಂತ ಮೇಲೆ ಸಿಪಿಆರ್ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಸುಮಾರು ಶೇ. 7ರಿಂದ 10ರಷ್ಟು ಇಳಿಯುತ್ತದೆ. ಬಸ್ಸಿನಲ್ಲಿ ಐವರು ತಜ್ಞರು ಇರುವುದಿಲ್ಲ. ವಿದ್ಯಾರ್ಥಿಗಳು, ಶಿಕ್ಷಕರು ಇರುತ್ತಾರೆ.

ಆದ್ದರಿಂದ ಶಿಕ್ಷಕರು ಇಂಥ ವರದಿಯನ್ನು ತರಗತಿಗೆ ಒಯ್ದು ಮೂರು ಪ್ರಶ್ನೆ ಕೇಳಲಿ: ಕೊನೆಯ ಫಲಿತಾಂಶ ಏನಾಯಿತು? ಕಾರಣವನ್ನು ವಿವರಿಸಿದ್ದಾರೆಯೇ? ತಜ್ಞರಿಲ್ಲದಿದ್ದರೆ ಏನಾಗುತ್ತಿತ್ತು? ಮೂರನೆಯ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು. 108ಕ್ಕೆ ಕರೆ ಮಾಡುವುದು, ವಯಸ್ಕರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುವುದು, ಇವನ್ನು ತರಬೇತಾದವರಿಂದ ಗೊಂಬೆಯ ಮೇಲೆ ಮಾಡಿಸಿ ಕಲಿಸಬೇಕು.